ದಂಡಿನ ಯಜಮಾನರು

ಇವರನ್ನು ಗೇಮರ್ ಅಂದರೆ ಸಿಟ್ಟು ಬರುತ್ತದೆ. ಗುಂಡು ಹಾರಿಸುವವರು, ಕಾರು ಓಡಿಸುವವರು ಗೇಮರುಗಳಂತೆ. ತಾವು ದಂಡು ಕಟ್ಟುವವರು. ನಲವತ್ತು ದಾಟಿದ ವಯಸ್ಸು, ಐಟಿ ಕೆಲಸ, ಮನೆಯವರೆಲ್ಲ ಮಲಗಿದ ಮೇಲೆ ರಾಜ್ಯಭಾರ. ಇಂಥವರೊಬ್ಬರು ಪ್ರತಿ ಆಫೀಸಿನಲ್ಲೂ ಇರುತ್ತಾರೆ. "ಬಾಲ್ಡರ್ಸ್ ಗೇಟ್ 3 ಚೆನ್ನಾಗಿದೆಯಂತಲ್ಲ ಸಾರ್?" ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ ಮುಗಿಯಿತು, ಕೈಯಲ್ಲಿದ್ದ ಕಾಫಿ ಆರಿಹೋಗುತ್ತದೆ.

"ಚೆನ್ನಾಗಿದೆ. ಆದರೆ ಮೊದಲನೇದು ಆಡಿದೀರಾ?" 1998ರ ಆ ಆಟದಲ್ಲಿ ಮಂತ್ರವಾದಿ ಹೊರಡುವಾಗ ಅವನಿಗೆ ನಾಲ್ಕಾರು ಅಂಕದ ಪ್ರಾಣ, ಒಂದೋ ಎರಡೋ ಮಂತ್ರ. ಅದು ಮುಗಿದರೆ ಎಂಟು ಗಂಟೆ ನಿದ್ದೆ. ನಡುವೆ ತೋಳ ಬಂದರೆ ತಿಥಿ. ಕೇಳಿದವರು ನಕ್ಕರೆ ಯಜಮಾನರು ಗಂಭೀರರಾಗುತ್ತಾರೆ: "ನಗಬೇಡಿ. ಆ ಬಡಪಾಯೀನ ಕಾಯೋಕೆ ಕತ್ತಿಯವನು ಬೇಕು, ಅವನ ಗಾಯಕ್ಕೆ ಪೂಜಾರಿ ಬೇಕು, ಬೀಗಕ್ಕೆ ಕಳ್ಳ ಬೇಕು. ಅದಕ್ಕೇ ಆರು ಜನ. ಎಲ್ಲರಿಗೂ ಎಲ್ಲಾ ಬಂದರೆ ದಂಡು ಯಾಕ್ರೀ?" ಇಷ್ಟರಮಟ್ಟಿಗೆ ಅವರ ಮಾತು ನನಗೂ ಒಪ್ಪಿಗೆ.

ಕವಚದ ಅಂಕ ಇಳಿದಷ್ಟೂ ಒಳ್ಳೆಯದು ಎನ್ನುವ ಆ ಕಾಲದ ಥ್ಯಾಕೋ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆಂದು ಕರೆಯುತ್ತಾರೆ. ಹೋಗಬೇಡಿ.

2015ರ ಪಿಲ್ಲರ್ಸ್ ಆಫ್ ಎಟರ್ನಿಟಿಯ ಮೇಲೆ ಇವರಿಗೆ ಮುನಿಸು. ಅಲ್ಲಿ 'ಮೈಟ್' ಏರಿದರೆ ಕೊಡಲಿಯ ಏಟೂ ಜೋರು, ಮಂತ್ರದ ಏಟೂ ಜೋರು. "ಮಂತ್ರವಾದಿ ಗರಡಿಮನೆಗೆ ಹೋಗಬೇಕೇನ್ರೀ?" 2017ರ ಡಿವಿನಿಟಿ: ಒರಿಜಿನಲ್ ಸಿನ್ 2 ಇನ್ನೂ ಕೆಟ್ಟದ್ದಂತೆ. ಅಲ್ಲಿ ಆಯುಧ ತಡೆಯುವ ಕವಚ ಬೇರೆ, ಮಂತ್ರ ತಡೆಯುವ ಕವಚ ಬೇರೆ. ಇಬ್ಬರು ಕತ್ತಿಯವರು, ಇಬ್ಬರು ಮಂತ್ರದವರು ಎಂದು ದಂಡು ಕಟ್ಟಿದರೆ ಎರಡೂ ಅರ್ಧಂಬರ್ಧ ಒಡೆದು ಶತ್ರು ನಿಂತೇ ಇರುತ್ತಾನೆ.

1998ರ ಆ ಹಳೆಯ ಆಟದಲ್ಲಿ ಕಾಳಗ ತನ್ನ ಪಾಡಿಗೆ ನಡೆಯುತ್ತದೆ. ಬೇಕೆಂದಾಗ ನಿಲ್ಲಿಸಿ ಅಪ್ಪಣೆ ಕೊಡಬೇಕು. ಇವರಿಗೆ ಕ್ಷಣಕ್ಷಣಕ್ಕೂ ಬೇಕು. ನಡುರಾತ್ರಿ ಸ್ಪೇಸ್ ಬಾರ್ ಕುಟ್ಟುವ ಸದ್ದಿಗೆ ಪಕ್ಕದ ಕೋಣೆಯಲ್ಲಿ ಅತ್ತೆಯವರು ಎದ್ದು ಕೂರುತ್ತಾರೆ. ದಂಡಿನವರು ತಾವಾಗಿ ಹೊಡೆದಾಡುವ ಸೌಲಭ್ಯವೊಂದಿದೆ. ಅದನ್ನು ಇವರು ಮೊದಲ ದಿನವೇ ಆಫ್ ಮಾಡಿದ್ದಾರೆ.

2023ರ ಬಾಲ್ಡರ್ಸ್ ಗೇಟ್ 3ರಲ್ಲಿ ಸರದಿಯ ಕಾಳಗ, ನಾಲ್ವರು ಕೂಡಿ ಆಡಬಹುದು. ಆಫೀಸಿನ ಮೂವರು ಹುಡುಗರನ್ನು ಸೇರಿಸಿಕೊಂಡರು. ಒಬ್ಬ ತನ್ನ ಸರದಿಯಲ್ಲಿ ಶತ್ರುನಾಯಕನನ್ನು ಬಂಡೆಯಂಚಿನಿಂದ ತಳ್ಳಿಬಿಟ್ಟ. ಅಲ್ಲಿ ತಳ್ಳುವುದಕ್ಕೆ ಬರೀ ಬೋನಸ್ ಆಕ್ಷನ್, ಅಂದರೆ ಸರದಿಯ ಮುಖ್ಯ ಏಟಿನ ಜೊತೆಗೆ ಸಿಗುವ ಚಿಕ್ಕ ಕೆಲಸ, ಸಾಕು. ಕಾಳಗ ಗೆದ್ದಾಯಿತು, ಹುಡುಗರು ಕುಣಿದರು. ಯಜಮಾನರು ಮಾತಾಡದೆ ಹಳೆಯ ಸೇವ್ ತೆರೆದರು. "ಅವನ ಮೈಮೇಲಿದ್ದ ಕವಚವೂ ಪ್ರಪಾತಕ್ಕೆ ಹೋಯ್ತಲ್ಲಪ್ಪಾ! ಈಗ ನಾನು ಹೇಳಿದಂಗೆ ಹೊಡಿ."

ಮುಂದಿನ ವಾರ ಒಬ್ಬನಿಗೂ ಬಿಡುವಿರಲಿಲ್ಲ. ಈಗ ನಾಲ್ವರನ್ನೂ ಇವರೊಬ್ಬರೇ ಆಡಿಸುತ್ತಾರೆ.

ನಿಮ್ಮನ್ನು ಕರೆದರೆ ಪೂಜಾರಿಯ ಪಾತ್ರ ಕೇಳಿಕೊಳ್ಳಿ. ಈ ಆಟದಲ್ಲಿ ಚಿಕ್ಕ ಗಾಯ ಮಾಯಿಸುವ ಮಂತ್ರಕ್ಕೂ ಬೋನಸ್ ಆಕ್ಷನ್ನೇ ಸಾಕು; ಅವರು ಹೇಳಿದ್ದನ್ನು ಮಾಡಿದ ಮೇಲೂ ನಿಮ್ಮಿಷ್ಟದ ಒಂದು ಏಟಿಗೆ ಅವಕಾಶ ಉಳಿದಿರುತ್ತದೆ.