ನಿರ್ದೇಶಿಸಲ್ಪಟ್ಟ ರಾಯರು

‘ಪ್ಯಾಸಿವ್ ರಾಯರು’ ಎಂದು ನಿಮಗೆ ಹೆಸರಿಟ್ಟವರು ಯಾರು ಎಂದು ಕೇಳಿದರೆ, “ಹಾಗೆಂದು ಕರೆಯಲಾಗುತ್ತಿದೆ” ಎಂದಷ್ಟೇ ಅವರು ಹೇಳುತ್ತಾರೆ. ಹೆಸರಿಟ್ಟ ಪುಣ್ಯಾತ್ಮ ಎದುರಿನ ಕುರ್ಚಿಯಲ್ಲೇ ಕೂತು ಕಾಫಿ ಕುಡಿಯುತ್ತಿದ್ದರೂ ಅಷ್ಟೇ.

ಇಂಥ ರಾಯರು ಪ್ರತಿ ಕಚೇರಿಯಲ್ಲೂ ಒಬ್ಬರಿರುತ್ತಾರೆ. ಕೆಲವು ಕಡೆ ಅವರು ಗೌಡರು, ಕೆಲವು ಕಡೆ ಪಾಟೀಲರು, ಈಚೆಗೆ ಮೇಡಂ ಕೂಡ. ನಮ್ಮ ಕಚೇರಿಯವರು ಸೂಪರಿಂಟೆಂಡೆಂಟ್ ಆಗಿದ್ದರು. ಅವರು ಕೆಲಸ ಮಾಡುತ್ತಿರಲಿಲ್ಲ ಎಂದರೆ ಅನ್ಯಾಯವಾದೀತು. ಅವರ ಮೇಜಿನ ಮೇಲೆ ಕೆಲಸ ಮಾಡಲ್ಪಡುತ್ತಿತ್ತು. ಯಾರಿಂದ ಎಂಬುದು ಮಾತ್ರ ಕಡೆಯವರೆಗೂ ಗೊತ್ತಾಗುತ್ತಿರಲಿಲ್ಲ.

ಈ ವಿದ್ಯೆ ಅವರಿಗೆ ಹೈಸ್ಕೂಲಿನಲ್ಲಿ ದಕ್ಕಿತು. ಕೆಂಪು ರಟ್ಟಿನ ‘ರೆನ್ ಅಂಡ್ ಮಾರ್ಟಿನ್’ ವ್ಯಾಕರಣ ಅವರ ಮನೆಯಲ್ಲಿ ಪಂಚಾಂಗದ ಪಕ್ಕದಲ್ಲೇ ಇರುತ್ತಿತ್ತು. ಆ ರೆನ್ ಸಾಹೇಬರು ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವರು. 1924ರಲ್ಲಿ ‘ಬೋ ಜೆಸ್ಟ್’ ಎಂಬ ಕಾದಂಬರಿ ಬರೆದು ಹೆಸರಾದರು. ಮರುಭೂಮಿ, ಕೋಟೆ, ಬಂದೂಕು, ತ್ಯಾಗ, ಹೀಗೆ ಅದರ ತುಂಬ ಮುನ್ನುಗ್ಗುವ ಗಂಡಸರೇ. ಅಂಥ ಸಾಹಸದ ಕೈಯೇ ನಮ್ಮ ದೇಶದ ಗುಮಾಸ್ತರಿಗೆ ತಲೆ ಮರೆಸಿಕೊಳ್ಳುವ ವಾಕ್ಯಗಳ ಅಭ್ಯಾಸ ಪಾಠವನ್ನೂ ಬರೆದುಕೊಟ್ಟಿತು ಎಂದು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ಪಾಠ ಎಲ್ಲರಿಗೂ ಗೊತ್ತಿದ್ದದ್ದೇ. ‘ರಾಮ ಕಿಲ್ಡ್ ರಾವಣ’ ಆ್ಯಕ್ಟಿವ್ ವಾಯ್ಸ್. ಇದನ್ನು ಪ್ಯಾಸಿವ್ ಮಾಡಬೇಕಾದರೆ ಹಿಂದಿದ್ದ ರಾವಣನನ್ನು ಎಬ್ಬಿಸಿ ಮುಂದೆ ಕೂರಿಸಬೇಕು. ಕಾಲ ನೋಡಿಕೊಂಡು ಒಂದು ‘ವಾಸ್’ ಹಾಕಬೇಕು. ಕ್ರಿಯಾಪದವನ್ನು ಮೂರನೇ ರೂಪಕ್ಕೆ ತರಬೇಕು. ಕೊನೆಗೆ ‘ಬೈ’ ಎಂಬ ಬಾಗಿಲ ಹಿಂದೆ ರಾಮನನ್ನು ನಿಲ್ಲಿಸಬೇಕು. ‘ರಾವಣ ವಾಸ್ ಕಿಲ್ಡ್ ಬೈ ರಾಮ.’ ತರಗತಿಯ ಉಳಿದ ಹುಡುಗರು ಇಷ್ಟನ್ನು ಬರೆದುಕೊಂಡು ಆಟಕ್ಕೆ ಓಡಿದರು. ಬಾಲಕ ರಾಯರು ಮಾತ್ರ ಎದ್ದು ನಿಂತು ಕೇಳಿದರಂತೆ: “ಸಾರ್, ‘ಬೈ ರಾಮ’ ಬಿಟ್ಟುಬಿಟ್ಟರೆ?” ಮೇಷ್ಟ್ರು ಸ್ವಲ್ಪ ಯೋಚಿಸಿ, “ಬಿಡಬಹುದು. ವಾಕ್ಯ ತಪ್ಪಾಗೋದಿಲ್ಲ” ಅಂದರು.

ರಾವಣ ಸತ್ತ. ರಾಮನ ಮೇಲೆ ಕೇಸಿಲ್ಲ. ಹದಿನಾಲ್ಕನೇ ವಯಸ್ಸಿಗೇ ಇಷ್ಟು ಕಂಡುಕೊಂಡ ಹುಡುಗ ಸರ್ಕಾರಿ ಕೆಲಸಕ್ಕಲ್ಲದೆ ಬೇರೆಲ್ಲಿಗೆ ಹೋಗಬೇಕು?

ಅಲ್ಲಿ ಅವರಿಗೋಸ್ಕರವೇ ಎಂಬಂತೆ ಒಂದು ಭಾಷೆ ಕಾದಿತ್ತು. ಇಂಗ್ಲಿಷ್ ಪತ್ರಗಳು ‘ಐ ಆಮ್ ಡೈರೆಕ್ಟೆಡ್’ ಎಂದು ಶುರುವಾಗುತ್ತಿದ್ದವು. ಕೇಂದ್ರ ಸರ್ಕಾರದ ಆಫೀಸ್ ಮೆಮೊರಾಂಡಮ್ಮುಗಳಲ್ಲಿ ಆ ‘ಐ’ ಕೂಡ ಇಲ್ಲ, ‘ದಿ ಅಂಡರ್‌ಸೈನ್ಡ್ ಈಸ್ ಡೈರೆಕ್ಟೆಡ್’. ಅಂದರೆ ಕೆಳಗೆ ಸಹಿ ಮಾಡಿದ ಯಾವನೋ ಒಬ್ಬನಿಗೆ ಮೇಲಿನ ಯಾರೋ ಒಬ್ಬರು ಹೇಳಿದ್ದಾರೆ, ನಡುವೆ ನೀವು ಓದುತ್ತಿದ್ದೀರಿ. 1963ರಲ್ಲಿ ರಾಜಭಾಷಾ ಕಾಯಿದೆ ಬಂದು ಕಡತಗಳು ನಿಧಾನಕ್ಕೆ ಕನ್ನಡಕ್ಕೆ ತಿರುಗಿದಾಗ ಈ ವಾಕ್ಯಗಳೂ ಪೆಟ್ಟಿಗೆ ಸಮೇತ ವರ್ಗವಾಗಿ ಬಂದವು. ‘ತಮಗೆ ತಿಳಿಸಲು ನಾನು ನಿರ್ದೇಶಿಸಲ್ಪಟ್ಟಿದ್ದೇನೆ.’ ಈ ಪದವನ್ನು ಒಂದೇ ಉಸಿರಿಗೆ ಹೇಳಬಲ್ಲವರು ನಮ್ಮ ಕಚೇರಿಯಲ್ಲಿ ರಾಯರೊಬ್ಬರೇ. ಉಳಿದವರಿಗೆ ‘ಶಿಸ’ದ ಹತ್ತಿರ ನಾಲಗೆ ಮಗುಚಿಕೊಳ್ಳುತ್ತಿತ್ತು.

ರಾಯರಿಗೆ ನಮ್ಮ ಕನ್ನಡದ ಮೇಲೆ ಒಂದೇ ಒಂದು ದೂರು. ಅದರ ಕ್ರಿಯಾಪದ ಪಕ್ಕದ ಮನೆ ಅಜ್ಜಿಯ ಹಾಗೆ, ಚಾಡಿ ಹೇಳದೆ ಇರಲಾರದು. ‘ಮರೆತೆ’ ಎಂದರೆ ಸಾಕು, ಮರೆತವನು ನಾನೇ ಎಂದು ಬಾಲದಲ್ಲಿ ಹೇಳಿಬಿಡುತ್ತದೆ. ‘ಕಳೆದರು’ ಎಂದರೆ ಕಳೆದವರು ಸಾಹೇಬರು ಎಂದು ಗೌರವ ಸಮೇತ ತೋರಿಸಿಬಿಡುತ್ತದೆ. ಹಾಗಾಗಿ ಅವರ ಟಿಪ್ಪಣಿಗಳಲ್ಲಿ ಎಲ್ಲಕ್ಕೂ ಒಂದು ‘ಲಾಗಿದೆ’ ಅಂಟಿಕೊಂಡಿತು: ಪರಿಶೀಲಿಸಲಾಗಿದೆ, ಲಗತ್ತಿಸಲಾಗಿದೆ, ಹಿಂದಿರುಗಿಸಲಾಗಿದೆ. ಒಮ್ಮೆ ಅವರ ಕೈತಾಗಿ ಕಾಫಿ ಚೆಲ್ಲಿ ಒಂದು ಮೂಲ ದಾಖಲೆ ಒದ್ದೆಯಾಯಿತು. ಟಿಪ್ಪಣಿ ಹೀಗಿತ್ತು: ‘ಪುಟ ಸಂಖ್ಯೆ ಎಂಟು ಕಾಫಿಯಿಂದ ಬಾಧಿತವಾಗಿರುವುದು ಗಮನಿಸಲ್ಪಟ್ಟಿದೆ.’ ಕಾಫಿಗೆ ಮೆಮೊ ಕೊಡಲು ಬರುವುದಿಲ್ಲವಲ್ಲ!

ಪ್ಯಾಸಿವ್ ಎಂದರೆ ನನಗೇನೂ ಹಗೆಯಿಲ್ಲ. ಬಸ್ಸಿನಲ್ಲಿ ಪರ್ಸ್ ಹೋದರೆ ಕದ್ದವನ ಹೆಸರು ನಾನೆಲ್ಲಿಂದ ತರಲಿ? ‘ಮೈ ಪರ್ಸ್ ಹ್ಯಾಸ್ ಬೀನ್ ಸ್ಟೋಲನ್’ ಎನ್ನುವುದೇ ಸರಿ. ಮಾಡಿದವನು ಗೊತ್ತಿಲ್ಲದಾಗ, ಅಥವಾ ಅವನು ಯಾರಾದರೂ ಒಂದೇ ಎನ್ನುವಾಗ ಪ್ಯಾಸಿವ್ ಬಳಸಿ ಎಂದು ವ್ಯಾಕರಣವೂ ಹೇಳುತ್ತದೆ. ರಾಯರ ವಿಶೇಷವೇನೆಂದರೆ, ಮಾಡಿದವನು ಚೆನ್ನಾಗಿ ಗೊತ್ತಿರುವಾಗಲೇ ಅವರಿಗೆ ಅದು ನೆನಪಾಗುತ್ತಿತ್ತು.

ಅವರನ್ನು ಸೋಲಿಸಿದ್ದು ಒಬ್ಬನೇ. ಖಾತೆ ಬದಲಾವಣೆಗೆ ಅಲೆಯುತ್ತಿದ್ದ ಮುದುಕ, ಹೆಗಲ ಮೇಲೆ ಟವೆಲ್ಲು.

“ಸ್ವಾಮಿ, ನನ್ನ ಅರ್ಜಿ ಏನಾಯ್ತು?”

“ಸ್ವೀಕರಿಸಲಾಗಿದೆ.”

“ಆಮ್ಯಾಕೆ?”

“ಪರಿಶೀಲಿಸಲಾಗುತ್ತಿದೆ.”

“ಯಾರು ಸ್ವಾಮಿ ನೋಡ್ತಾ ಇರೋದು?”

“ನಿಯಮಾನುಸಾರ ಪರಿಶೀಲಿಸಲಾಗುತ್ತಿದೆ.”

ಮುದುಕ ಟವೆಲ್ಲು ಕೊಡವಿ ರಾಯರ ಮೇಜಿನ ಪಕ್ಕ ನೆಲದ ಮೇಲೆ ಹಾಸಿದ. “ಆಗ್ಲಿ ಸ್ವಾಮಿ. ಅಲ್ಲೀಗಂಟ ಇಲ್ಲೇ ಕೂರಲಾಗ್ತದೆ” ಅಂದ. ಕೂತ. ಮಧ್ಯಾಹ್ನ ಬುತ್ತಿ ಬಿಚ್ಚಲಾಯಿತು. ಮುದ್ದೆಯ ಜೊತೆ ಹುರುಳಿಕಾಳಿನ ಸಾರಿನ ವಾಸನೆ ಸಾಹೇಬರ ಕೊಠಡಿಗೂ ತಲುಪಲ್ಪಟ್ಟಿತು. ಸಂಜೆ ನಾಲ್ಕಕ್ಕೆ ಆದೇಶದ ಪ್ರತಿ ಅವನ ಕೈಯಲ್ಲಿತ್ತು. ಅಷ್ಟು ವರ್ಷದ ಸೇವೆಯಲ್ಲಿ ರಾಯರಿಗೆ ಅವರದೇ ಭಾಷೆಯಲ್ಲಿ ಉತ್ತರ ಕೊಟ್ಟ ಸಾರ್ವಜನಿಕ ಅವನೊಬ್ಬನೇ ಇರಬೇಕು.

ಆಮೇಲೆ ಕಾಲ ಕೆಟ್ಟಿತು. ಅಂದರೆ ರಾಯರ ಪಾಲಿಗೆ. 2005ರಲ್ಲಿ ಮಾಹಿತಿ ಹಕ್ಕು ಬಂದು, ಯಾರು ಬೇಕಾದರೂ ಟಿಪ್ಪಣಿ ಹಾಳೆಯ ನಕಲು ಕೇಳುವಂತಾಯಿತು. 2011ರ ಸಕಾಲ ಕಾಯಿದೆ ಇನ್ನೂ ಘೋರ. ಗಡುವು ಮೀರಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಅದೂ ತಡಮಾಡಿದ ನೌಕರನ ಸಂಬಳದಿಂದ. ವ್ಯಾಕರಣದಲ್ಲಿ ಕರ್ತೃವನ್ನು ಬಿಟ್ಟರೂ ನಡೆಯುತ್ತದೆ, ಸಂಬಳದ ಬಿಲ್ಲಿನಲ್ಲಿ ನಡೆಯುವುದಿಲ್ಲ. ಕೊನೆಗೆ ಇ-ಆಫೀಸ್ ಬಂತು. ಕಡತ ಯಾರ ಹತ್ತಿರ ಯಾವ ದಿನ ಎಷ್ಟು ಗಂಟೆಗೆ ಬಂತು, ಅಲ್ಲಿಂದ ಯಾವಾಗ ಎದ್ದಿತು ಎಂಬುದೆಲ್ಲ ಹೆಸರು ಸಮೇತ ಪರದೆಯ ಮೇಲೆ. ರಾಯರು ‘ಗಮನಿಸಲಾಗಿದೆ’ ಎಂದು ಎಷ್ಟೇ ಜಾಣತನದಿಂದ ಬೆರಳಚ್ಚು ಮಾಡಿದರೂ ಕಂಪ್ಯೂಟರು ಕೆಳಗೆ ಅವರ ಪೂರ್ತಿ ಹೆಸರು ಹಾಕಿ ‘ಬೈ’ಯನ್ನು ತಾನೇ ಸೇರಿಸುತ್ತಿತ್ತು. “ಈ ಯಂತ್ರಕ್ಕೆ ವ್ಯಾಕರಣ ಬರೋದಿಲ್ಲ ಕಣಯ್ಯಾ” ಎಂದು ನನ್ನ ಹತ್ತಿರ ಗೋಳಾಡಿದರು. ಆಗ ಅವರ ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ, ಬಚಾವಾದರು.

ಮನೆಯಲ್ಲೂ ಇದೇ ಪ್ರಯೋಗ. ತಮ್ಮ ಮದುವೆಯ ವಿಷಯ ಬಂದರೆ “ನನಗೆ ಮದುವೆ ಮಾಡಲಾಯಿತು” ಎನ್ನುತ್ತಾರೆ. ಹೆಂಡತಿ ಮಾತ್ರ ಹುಟ್ಟಾ ಆ್ಯಕ್ಟಿವ್ ವಾಯ್ಸು. “ರೀ, ಗ್ಯಾಸ್ ಆರಿಸದೆ ಪೇಪರ್ ಓದ್ತಾ ಕೂತವರು ಯಾರು?” ಎಂದು ಅವರು ಒಳಗಿಂದ ಕೂಗಿದರೆ, “ಹಾಲು ಉಕ್ಕಿದೆ” ಎಂದು ಇವರು ಹೊರಗಿಂದ ವರದಿ ಸಲ್ಲಿಸುತ್ತಾರೆ. ಅವರ ಜೀವನದಲ್ಲಿ ಕರ್ತರಿ ಪ್ರಯೋಗ ಎಂದಿದ್ದರೆ ಅದು ಮಧ್ಯಾಹ್ನದ ನಿದ್ದೆ. ಅದಕ್ಕೂ ವ್ಯಾಕರಣದ ಆಧಾರ ಕೊಡುತ್ತಾರೆ: “ಸ್ಲೀಪ್ ಅನ್ನೋದು ಇನ್‌ಟ್ರಾನ್ಸಿಟಿವ್. ಅದಕ್ಕೆ ಕರ್ಮ ಇಲ್ಲ, ಪ್ಯಾಸಿವ್ ಬರೋದಿಲ್ಲ. ನಾನೇ ಮಲಗಬೇಕು.”

ಮಗಳು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಅವಳ ಕಂಪ್ಯೂಟರು ಪ್ಯಾಸಿವ್ ಕಂಡರೆ ಕೆಳಗೆ ಗೆರೆ ಎಳೆಯುತ್ತದಂತೆ. ಹಬ್ಬಕ್ಕೆ ಬಂದಾಗ ಅಪ್ಪನಿಗೂ ಅವಳಿಗೂ ಒಬ್ಬಟ್ಟಿನ ಮುಂದೆಯೇ ಯುದ್ಧ.

“ಜಾರ್ಜ್ ಆರ್ವೆಲ್ 1946ರಲ್ಲೇ ಬರೆದಿದ್ದಾನಪ್ಪ, ಆ್ಯಕ್ಟಿವ್ ಬಳಸೋಕೆ ಆಗೋ ಕಡೆ ಪ್ಯಾಸಿವ್ ಮುಟ್ಟಬೇಡಿ ಅಂತ.”

“ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದವನು, ಅವರಪ್ಪ ಸರ್ಕಾರಿ ನೌಕರ. ಬುದ್ಧಿ ಇರಬೇಕಿತ್ತು. ಆ ಪ್ರಬಂಧದ ಮೊದಲನೇ ವಾಕ್ಯ ತೆಗೆದು ನೋಡು, ಅದರಲ್ಲೇ ಒಂದು ಪ್ಯಾಸಿವ್ ಇದೆ!”

ಮಗಳು ಫೋನಿನಲ್ಲಿ ಹುಡುಕಿ ನೋಡಿದಳು. ಇತ್ತು. ರಾಯರು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡು ಅಮೆರಿಕಕ್ಕೆ ಹಾರಿದರು. ಇರಾನಿಗೆ ಗುಟ್ಟಾಗಿ ಆಯುಧ ಮಾರಿ ಸಿಕ್ಕಿಬಿದ್ದ ಮೇಲೆ ಅಧ್ಯಕ್ಷ ರೇಗನ್ 1987ರ ಭಾಷಣದಲ್ಲಿ ಗಂಭೀರ ತಪ್ಪುಗಳು ಮಾಡಲ್ಪಟ್ಟವು ಎಂಬರ್ಥದ ಮಾತಾಡಿ ಕೈತೊಳೆದುಕೊಂಡ. “ನಮ್ಮ ಇಲಾಖೆಯಲ್ಲಿ ಇದ್ದಿದ್ದರೆ ಜಂಟಿ ನಿರ್ದೇಶಕ ಆಗ್ತಿದ್ದ” ಎಂದು ರಾಯರ ಶಹಬ್ಬಾಸ್‌ಗಿರಿ. ಇದಕ್ಕೆ ಅಲ್ಲಿನ ರಾಜಕೀಯ ವಿಶ್ಲೇಷಕ ವಿಲಿಯಂ ಶ್ನೈಡರ್ ‘ಖುಲಾಸೆ ಭೂತಕಾಲ’ ಎಂಬರ್ಥದ ಹೆಸರಿಟ್ಟಿದ್ದಾನೆ ಎಂದು ಮಗಳು ಚುಚ್ಚಿದರೆ, ರಾಯರು ಅದನ್ನು ಪ್ರಶಸ್ತಿಯೆಂದೇ ತೆಗೆದುಕೊಂಡರು. ಅವರಿಗೆ ಬೇಸರ ಇರುವುದು ಇನ್ನೊಬ್ಬ ಅಧ್ಯಕ್ಷ ಗ್ರಾಂಟ್ ಮೇಲೆ. 1876ರಲ್ಲಿ ಆತನೂ ಸಂಸತ್ತಿಗೆ ತಪ್ಪುಗಳಾಗಿವೆ ಎಂದೇ ಬರೆದ. ಆದರೆ ಅದೇ ವಾಕ್ಯದಲ್ಲಿ, ಅದನ್ನು ಒಪ್ಪುತ್ತೇನೆ ಎಂದೂ ಸೇರಿಸಿದ. “ಎಷ್ಟು ಚೆನ್ನಾಗಿ ಶುರು ಮಾಡಿದ್ದ! ಕೊನೇಲಿ ಡ್ರಾಫ್ಟ್ ಹಾಳು ಮಾಡ್ಕೊಂಡ.”

ಮಗಳು ಕಡೆಯ ಅಸ್ತ್ರ ಬಿಟ್ಟಳು. ನಮ್ಮ ಸಂವಿಧಾನದ ಪೀಠಿಕೆ ಇಂಗ್ಲಿಷಿನಲ್ಲಿ ಶುರುವಾಗುವುದೇ ‘ವಿ’ಯಿಂದ. ಕರ್ತೃ ಮೊದಲನೇ ಪದದಲ್ಲೇ ಎದೆಯುಬ್ಬಿಸಿ ನಿಂತಿದ್ದಾನೆ, ಕ್ರಿಯಾಪದಗಳೆಲ್ಲ ಆ್ಯಕ್ಟಿವ್. ಇದಕ್ಕೇನಂತೀಯಪ್ಪ?

ರಾಯರು ತುಪ್ಪ ನೆಕ್ಕಿ ಹೇಳಿದರು: “ಅದಕ್ಕೆ ಸಹಿ ಹಾಕಿದವರು 284 ಜನ ಕಣಮ್ಮ. ಅಷ್ಟು ಸಹಿ ಬಿದ್ದ ಮೇಲೆ ಯಾರು ಬೇಕಾದ್ರೂ ಆ್ಯಕ್ಟಿವ್ ಬರೀಬಹುದು. ಒಬ್ಬನೇ ಸಹಿ ಹಾಕೋನ ಕಷ್ಟ ನಿಂಗೇನು ಗೊತ್ತು?”

ಈಗ ನಿವೃತ್ತರು. ಮನೆ ಗೇಟಿಗೆ ಒಂದು ಬೋರ್ಡು ತೂಗುತ್ತಿದೆ: ‘ಇಲ್ಲಿ ಇಂಗ್ಲಿಷ್ ವ್ಯಾಕರಣ ಹೇಳಿಕೊಡಲಾಗುವುದು.’ ಎಸ್ಸೆಸ್ಸೆಲ್ಸಿ ಹುಡುಗರು ಬರುತ್ತಾರೆ, ಎಫ್‌ಡಿಎ ಪರೀಕ್ಷೆ ಕಟ್ಟಿದವರೂ ಬರುತ್ತಾರೆ. ನಿಜ ಹೇಳಬೇಕೆಂದರೆ ಪಾಠ ಚೆನ್ನಾಗಿ ಮಾಡುತ್ತಾರೆ. ‘ನೋನ್’ ಆದ ಮೇಲೆ ‘ಬೈ’ಗಿಂತ ‘ಟು’ ಸರಿಹೊಂದುವುದು ಯಾಕೆ, ‘ಸರ್‌ಪ್ರೈಸ್ಡ್’ ಜೊತೆ ‘ಅಟ್’ ಹೇಗೆ ಬರುತ್ತದೆ, ‘ಹೂ’ ಎಂದು ಶುರುವಾದ ಪ್ರಶ್ನೆ ‘ಬೈ ಹೂಮ್’ ಹೇಗಾಗುತ್ತದೆ, ಇವೆಲ್ಲ ಅವರಷ್ಟು ಬಿಡಿಸಿ ಹೇಳುವವರು ಊರಲ್ಲಿಲ್ಲ. ಹುಡುಗರು ಅಂಕ ತರುತ್ತಾರೆ. ಫೀಜಿನ ವಿಷಯಕ್ಕೆ ಮಾತ್ರ ರಾಯರು ಬಾಯಿ ತೆರೆಯುವುದಿಲ್ಲ. ಒಂದನೇ ತಾರೀಕು ಹೆಂಡತಿ ಬಾಗಿಲಲ್ಲಿ ನಿಂತು ವಸೂಲು ಮಾಡುತ್ತಾರೆ.

ಹೋದ ತಿಂಗಳು ಅವರ ಪಿಂಚಣಿ ಬಾಕಿಯ ಬಗ್ಗೆ ಒಂದು ಪತ್ರ ಬಂತು. ಬರೆದವನು ಅವರ ಕೈಕೆಳಗೇ ಟಿಪ್ಪಣಿ ಬರೆಯಲು ಕಲಿತ ಹುಡುಗ. ‘ತಮ್ಮ ಮನವಿಯನ್ನು ಸ್ವೀಕರಿಸಲಾಗಿದ್ದು, ಸದರಿ ವಿಷಯವನ್ನು ಪರಿಶೀಲಿಸಲಾಗುತ್ತಿದ್ದು, ಸೂಕ್ತ ಕಾಲದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದೆಂದು ತಿಳಿಸಲು ನಿರ್ದೇಶಿಸಲ್ಪಟ್ಟಿದ್ದೇನೆ.’ ರಾಯರು ಕೂಗಾಡುತ್ತಾರೆ, ಹೆಸರು ಕೇಳುತ್ತಾರೆ ಎಂದು ನಾನು ಕಾದೆ. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. “ನೋಡಯ್ಯಾ, ಒಂದು ಕಡೆಯಾದ್ರೂ ಸಿಕ್ಕಿಹಾಕ್ಕೊಂಡಿದಾನಾ?” ಎಂದು ಕಾಗದವನ್ನು ನನ್ನ ಮುಂದೆ ಹಿಡಿದರು. ಮರುದಿನ ಅದನ್ನು ಟ್ಯೂಷನ್ ಹುಡುಗರಿಗೆ ಮಾದರಿಯಾಗಿ ಓದಿ ಹೇಳಲಾಯಿತು. ಬಾಕಿ ಹಣ ಇನ್ನೂ ಬಂದಿಲ್ಲ. ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಲಾಗಿದೆ.

“ರಾತ್ರಿಗೆ ಅದನ್ನೇ ಬೇಯಿಸಿ ಹಾಕ್ತೀನಿ, ನೀವೇ ತಿನ್ನಿ” ಅಂದರು ಹೆಂಡತಿ.