ಆಲ್ಜಿಬ್ರಾ ಎರಡು ಮತ್ತು ಗೃಹಸ್ಥಾಶ್ರಮ

ಅಮೆರಿಕದ ಪ್ರೌಢಶಾಲೆಗಳಲ್ಲಿ 'ಆಲ್ಜಿಬ್ರಾ ಟೂ' ಎಂದು ಪ್ರಸಿದ್ಧವಾಗಿರುವ ತರಗತಿಗೆ ಹೆಸರು ಬರೆಸುವುದು ಒಂದೇ ಮಗುವಾದರೂ, ಅದು ಕನ್ನಡಿಗರ ಮನೆಯ ಮಗುವಾಗಿದ್ದ ಪಕ್ಷದಲ್ಲಿ, ಆ ಶಾಸ್ತ್ರವನ್ನು ವ್ಯಾಸಂಗ ಮಾಡುವವರು ತಂದೆ, ತಾಯಿ ಮತ್ತು ಆರು ತಿಂಗಳ ಮಟ್ಟಿಗೆ ಬಂದಿಳಿದಿರುವ ತಾತ, ಇಷ್ಟು ಮಂದಿಯೂ ಆಗಿರುತ್ತಾರೆಂಬ ಸಂಗತಿಯನ್ನು ಶಾಲೆಯವರು ಕೊಡುವ ಪಠ್ಯವಿವರದಲ್ಲಿ ಎಲ್ಲಿಯೂ ನಮೂದಿಸಿರುವುದಿಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಗರದಿಂದ ಮಗಳನ್ನು ಆ ತರಗತಿಗೆ ಕಳುಹಿಸಿದ ಗೃಹಸ್ಥನಾಗಿ, ಮುಂದೆ ಕಳುಹಿಸಲಿರುವವರ ಉಪಯೋಗಾರ್ಥವಾಗಿ ಆ ಲೋಪವನ್ನು ತುಂಬಿಕೊಡುವುದು ನನ್ನ ಉದ್ದೇಶ.

ಮೊದಲು ತಿಳಿದಿರಬೇಕಾದುದೇನೆಂದರೆ, ನಮ್ಮ ನಾಡಿನಲ್ಲಿ ಹತ್ತನೆಯ ತರಗತಿಯ ಸಮಸ್ತರಿಗೂ ಗಣಿತ ಒಂದೇ ಆಗಿರುವಂತೆ ಇಲ್ಲಿ ಇರುವುದಿಲ್ಲ. ಆಲ್ಜಿಬ್ರಾ ಒಂದು, ಜಾಮಿಟ್ರಿ, ಆಲ್ಜಿಬ್ರಾ ಎರಡು, ಪ್ರೀಕ್ಯಾಲ್ಕ್ಯುಲಸ್, ಕ್ಯಾಲ್ಕ್ಯುಲಸ್ ಎಂಬ ಸೋಪಾನಪರಂಪರೆಯನ್ನು ಒಬ್ಬೊಬ್ಬರು ಒಂದೊಂದು ವಯಸ್ಸಿನಲ್ಲಿ ಏರುವುದರಿಂದ, ಒಂಬತ್ತನೆಯ ತರಗತಿಯ ಬಾಲಕನೂ ಹನ್ನೊಂದನೆಯ ತರಗತಿಯ ಮೀಸೆ ಮೂಡಿದ ಯುವಕನೂ ಅಕ್ಕಪಕ್ಕದಲ್ಲಿ ಕುಳಿತು ಒಂದೇ ವರ್ಗ ಸಮೀಕರಣವನ್ನು ಬಿಡಿಸುತ್ತಿರುವುದು ಸಾಮಾನ್ಯ. ಇದರ ಪರಿಣಾಮವಾಗಿ, ಕನ್ನಡ ಕೂಟದ ರಾಜ್ಯೋತ್ಸವದಂದು ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತವರು ಕೇಳುವ ಪ್ರಶ್ನೆ "ನಿಮ್ಮ ಮಗಳು ಎಷ್ಟನೇ ಕ್ಲಾಸು?" ಎಂಬುದಲ್ಲ, "ಯಾವ ಮ್ಯಾಥಲ್ಲಿದ್ದಾಳೆ?" ಎಂಬುದು, ಉತ್ತರ ದೊರೆತೊಡನೆ ಅವರು ಹಪ್ಪಳ ಮುರಿಯುತ್ತ, ಮನಸ್ಸಿನಲ್ಲಿಯೇ ವ್ಯವಕಲನ ಮಾಡಿ, ತಮ್ಮ ಮಗನು ಮುಂದೋ ಹಿಂದೋ ಎಂಬುದನ್ನು ನಿರ್ಣಯಿಸಿಕೊಳ್ಳುವರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ತನ್ನಲ್ಲಿ ಪ್ರವೇಶ ಬಯಸುವವರು ಪ್ರೌಢಶಾಲೆಯಲ್ಲಿ ಮೂರು ವರ್ಷ ಗಣಿತ ಓದಿರಬೇಕು, ನಾಲ್ಕಾದರೆ ಒಳ್ಳೆಯದು ಎಂದಷ್ಟೇ ಹೇಳಿದೆ. ಆ ಮಾತು ನಮ್ಮವರ ಮನೆಗಳನ್ನು ತಲಪುವಷ್ಟರಲ್ಲಿ ನಾಲ್ಕು ಐದಾಗಿ, ಒಳ್ಳೆಯದು ಕಡ್ಡಾಯವಾಗಿರುತ್ತದೆ.

ಶಾಲೆ ತೆರೆದ ಕೆಲವು ವಾರಗಳಿಗೆ 'ಬ್ಯಾಕ್ ಟು ಸ್ಕೂಲ್ ನೈಟ್' ಎಂಬುದೊಂದುಂಟು. ಅಂದು ಸಾಯಂಕಾಲ ತಂದೆತಾಯಿಗಳು ಮಕ್ಕಳ ವೇಳಾಪಟ್ಟಿಯನ್ನು ಕೈಯಲ್ಲಿ ಹಿಡಿದು, ಗಂಟೆ ಬಾರಿಸಿದಾಗಲೆಲ್ಲ ಕೊಠಡಿಯಿಂದ ಕೊಠಡಿಗೆ ಧಾವಿಸಿ, ಒಬ್ಬೊಬ್ಬ ಉಪಾಧ್ಯಾಯರ ಮುಂದೆ ಹತ್ತು ಹತ್ತು ನಿಮಿಷ ಕುಳಿತುಕೊಳ್ಳತಕ್ಕದ್ದು. ಆಲ್ಜಿಬ್ರಾದ ಅಧ್ಯಾಪಕಿಯು, ಬರಿಯ ಉತ್ತರಕ್ಕೆ ಪೂರ್ಣ ಅಂಕವಿಲ್ಲವೆಂದೂ, ಪ್ರತಿಯೊಂದು ಹೆಜ್ಜೆಗೂ ಕಾರಣ ಬರೆಯಬೇಕೆಂದೂ, ಉತ್ತರ ತಪ್ಪಿದರೂ ಕಾರಣ ಕೊಟ್ಟವರಿಗೆ 'ಪಾರ್ಷಿಯಲ್ ಕ್ರೆಡಿಟ್' ಉಂಟೆಂದೂ ವಿವರಿಸಿದರು. ಸೂತ್ರವನ್ನು ಬಾಯಿಪಾಠ ಮಾಡಿ, ಉತ್ತರದ ಕೆಳಗೆ ಎರಡು ಗೆರೆ ಎಳೆದು, ಆ ಗೆರೆಗಳ ಬಲದಿಂದಲೇ ಇಂಜಿನಿಯರುಗಳಾಗಿ ಸಮುದ್ರ ದಾಟಿ ಬಂದಿದ್ದ ನಾವೆಲ್ಲರೂ, ಕಾರಣ ಕೇಳುವ ಈ ಅಪೂರ್ವ ಪದ್ಧತಿಗೆ ಬೆರಗಾಗಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

ಅಕ್ಟೋಬರಿನಲ್ಲಿ ನಮ್ಮ ಮಾವನವರು ದಯಮಾಡಿಸಿದರು. ತಿಪಟೂರಿನ ಕಡೆ ಗಣಿತದ ಮೇಷ್ಟರಾಗಿದ್ದು ನಿವೃತ್ತರಾದ ಅವರು, ಪ್ರಯಾಣದ ಬಳಲಿಕೆ ಕಳೆಯುವುದಕ್ಕೆ ಮೊದಲೇ ಮೊಮ್ಮಗಳ ಪುಸ್ತಕವನ್ನು ತಿರುವಿಹಾಕಿ, ಅಪವರ್ತನ, ಪೂರ್ಣವರ್ಗ, ಶೇಷಪ್ರಮೇಯ, ಲಾಗರಿದಮ್, ಶ್ರೇಢಿ, ತ್ರಿಕೋನಮಿತಿ ಇವೆಲ್ಲವೂ ತಮಗೆ ಹಳೆಯ ನೆಂಟರೆಂದು ಸಾರಿದರು. ವಿಘ್ನ ಒದಗಿದ್ದು ಸಂಕೀರ್ಣ ಸಂಖ್ಯೆಗಳಲ್ಲಿ. ಎಕ್ಸ್ ವರ್ಗದಿಂದ ಆರು ಎಕ್ಸನ್ನು ಕಳೆದು ಹದಿಮೂರನ್ನು ಕೂಡಿಸಿದರೆ ಸೊನ್ನೆ ಬರುತ್ತದೆ, ಎಕ್ಸಿನ ಬೆಲೆಯೇನು ಎಂಬುದು ಲೆಕ್ಕ. ಮಾವನವರು ಕಾಗದವನ್ನು ಮುಟ್ಟದೆ, ಮೂವತ್ತಾರರಲ್ಲಿ ಐವತ್ತೆರಡು ಹೋದರೆ ಋಣ ಹದಿನಾರು ಎಂದು ಎಣಿಸಿ, "ಶೋಧಕ ಋಣ ಆಯ್ತು ಪುಟ್ಟೀ, ಮೂಲಗಳು ವಾಸ್ತವವಲ್ಲ ಅಂತ ಬರೆದು ಗೆರೆ ಎಳಿ" ಎಂದರು. ಆಕೆ ಗೆರೆ ಎಳೆಯಲಿಲ್ಲ. ಋಣ ಒಂದರ ವರ್ಗಮೂಲವನ್ನು 'ಐ' ಎಂದಿಟ್ಟುಕೊಂಡು, ಮೂರಕ್ಕೆ ಎರಡು ಐ ಕೂಡಿಸಿದ್ದೊಂದು, ಕಳೆದದ್ದೊಂದು, ಹೀಗೆ ಎರಡು ಮೂಲಗಳನ್ನು ಬರೆದು, ನೂರು ಡಾಲರಿಗೂ ಮಿಕ್ಕ ಬೆಲೆಯ ಗ್ರಾಫಿಂಗ್ ಕ್ಯಾಲ್ಕ್ಯುಲೇಟರಿನ ತೆರೆಯ ಮೇಲೆ ಆ ಪರವಲಯವು ಅಡ್ಡ ಅಕ್ಷವನ್ನು ಮುಟ್ಟದೆ ನಾಲ್ಕು ಮನೆ ಮೇಲೆಯೇ ನಿಂತಿರುವುದನ್ನೂ ತೋರಿಸಿದಳು.

ಮಾವನವರು ಆಗ ಒಂಬತ್ತನೆಯ ಶತಮಾನದ ಮೊರೆಹೊಕ್ಕರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನು, ಋಣರಾಶಿಯು ಸ್ವಭಾವತಃ ವರ್ಗವಲ್ಲವಾದ ಕಾರಣ ಅದಕ್ಕೆ ವರ್ಗಮೂಲವಿಲ್ಲವೆಂದು ನಿರ್ಧರಿಸಿಬಿಟ್ಟಿರುವನೆಂದೂ, ಕನ್ನಡಿಗರಾದವರು ಅದನ್ನು ಮೀರತಕ್ಕದ್ದಲ್ಲವೆಂದೂ ತೀರ್ಪಿತ್ತರು. ಇಟಲಿಯ ಬೊಂಬೆಲ್ಲಿಯು 1572ರ ತನ್ನ ಗ್ರಂಥದಲ್ಲಿ ಅಂತಹ ಮೂಲಗಳನ್ನೂ ಕೂಡಿ ಗುಣಿಸುವ ನಿಯಮಗಳನ್ನು ಕೊಟ್ಟಿರುವನೆಂದು ನಾನು ಸಂಧಾನಕ್ಕೆ ಯತ್ನಿಸಿದೆನಾದರೂ ಯಾರೂ ಲಕ್ಷಿಸಲಿಲ್ಲ. ಮಗಳು ಮಾತ್ರ ಕ್ಷಣಕಾಲ ಯೋಚಿಸಿ, "ಅವರು ಕಾರಣ ಕೊಟ್ಟಿದ್ದಾರಲ್ಲ ತಾತ, ಪಾರ್ಷಿಯಲ್ ಕ್ರೆಡಿಟ್ ಸಿಗತ್ತೆ" ಎಂದಳು. ಮೇಷ್ಟರ ಮನಸ್ಸು ಒಡನೆಯೇ ಅತ್ತ ತಿರುಗಿತು. "ಎಷ್ಟಕ್ಕೆ ಎಷ್ಟು?" ಎಂದರು. "ಐದಕ್ಕೆ ಎರಡು." ಚೌಕಾಸಿಯಾಗಿ, ನೃಪತುಂಗನ ಕಾಲದ ಆಚಾರ್ಯನಿಗೆ ನಮ್ಮ ಊಟದ ಮೇಜಿನ ಮೇಲೆ ಐದಕ್ಕೆ ಮೂರು ಅಂಕಗಳು ಲಭಿಸಿದವು.

ಫೆಬ್ರವರಿಯಲ್ಲಿ ಲಾಗರಿದಮ್ ಬಂದಾಗ, ಕ್ಲಾರ್ಕ್ಸ್ ಟೇಬಲ್ಲನ್ನು ತಿರುವಿ ತಿರುವಿ ಬೆರಳು ಸವೆಸಿದ್ದ ಮಾವನವರು, ಎರಡರ ಲಾಗು ಸೊನ್ನೆ ಬಿಂದು ಮೂರು ಸೊನ್ನೆ ಒಂದು ಸೊನ್ನೆ ಎಂದು ಯಂತ್ರಕ್ಕಿಂತ ಮುಂಚೆ ನುಡಿದು ಕಳೆದ ಮಾನವನ್ನು ಮರಳಿ ಗಳಿಸಿದರು. ಆದರೆ ಇಲ್ಲಿಯ ಪುಸ್ತಕಗಳು ಲಾಗರಿದಮ್ಮನ್ನು ಭೂಕಂಪದ ಉದಾಹರಣೆಯಿಂದ ಬೋಧಿಸುತ್ತವೆ: ಪ್ರಮಾಣ ಒಂದು ಏರಿದರೆ ಅಲುಗಾಟದ ವಿಸ್ತಾರ ಹತ್ತು ಮಡಿ, ಹೊರಬೀಳುವ ಶಕ್ತಿ ಸುಮಾರು ಮೂವತ್ತೆರಡು ಮಡಿ. ಹೇವರ್ಡ್ ಫಾಲ್ಟ್ ಎಂಬ ಭೂಬಿರುಕು ನಮ್ಮ ಊರಿನ ಮೂಲಕವೇ ಹಾದುಹೋಗಿದೆಯೆಂಬುದನ್ನು ಮೊಮ್ಮಗಳಿಂದ ತಿಳಿದ ಆ ರಾತ್ರಿಯೇ ಮಾವನವರು ತಮ್ಮ ಮಂಚವನ್ನು ಪುಸ್ತಕದ ಕಪಾಟಿನ ಬದಿಯಿಂದ ಸರಿಸಿಕೊಂಡರು.

ದುರ್ದೈವವೆಂದರೆ, ಅವರು ಬೋಧಿಸಿ ಹೆಸರು ಪಡೆದಿದ್ದ ಸಮಾಂತರ ಮತ್ತು ಗುಣೋತ್ತರ ಶ್ರೇಢಿಗಳು ಮಗಳ ತರಗತಿಗೆ ಬರುವಷ್ಟರಲ್ಲಿ ಅವರ ಆರು ತಿಂಗಳು ತೀರಿ ಹೋಗಿತ್ತು. ಆದಕಾರಣ, ಊರಿನಿಂದ ಹಿರಿಯರನ್ನು ಕರೆಯಿಸಿಕೊಳ್ಳುವವರು ಹವೆಯನ್ನೂ ಟಿಕೆಟ್ಟಿನ ದರವನ್ನೂ ನೋಡುವಂತೆ ಪಠ್ಯವಿವರವನ್ನೂ ನೋಡಿಕೊಳ್ಳುವುದು ಲೇಸು. ಮಗನು ಅದೇ ತರಗತಿಗೆ ಬರುವ ವರ್ಷ ತಂದೆಯವರನ್ನು ಜನವರಿಯಲ್ಲಿಯೇ ಕರೆಸುವುದೆಂದು ನನ್ನ ಪತ್ನಿ ಈಗಾಗಲೇ ನಿಶ್ಚಯಿಸಿ, ವಿಮಾನನಿಲ್ದಾಣದ ಅಧಿಕಾರಿ ಬಂದ ಉದ್ದೇಶವೇನೆಂದು ಕೇಳಿದರೆ "ಮೊಮ್ಮಕ್ಕಳನ್ನ ನೋಡೋಕೆ ಅಂತಷ್ಟೇ ಹೇಳಿ ಅಪ್ಪಾ" ಎಂದು ಫೋನಿನಲ್ಲಿ ಎಚ್ಚರಿಸಿಯೂ ಆಗಿದೆ. ಮಾವನವರು ಒಪ್ಪಿಲ್ಲ. "ಬರೀ ಉತ್ತರ ಹೇಳಿದ್ರೆ ಅರ್ಧ ಮಾರ್ಕ್ಸ್ ಕಣಮ್ಮಾ, ಶ್ರೇಢಿ ಪಾಠ ಬಾಕಿ ಇದೆ ಅಂತ ಕಾರಣಾನೂ ಕೊಡ್ತೀನಿ" ಎಂದಿದ್ದಾರೆ.