ಮದರ್‌ಬೋರ್ಡಿನ ಕಾವಲುಗಾರನೊಡನೆ

ಸರ್ವರಿನ ಮದರ್‌ಬೋರ್ಡಿನ ಮೂಲೆಯೊಂದರಲ್ಲಿ, ಪ್ರಧಾನ ಪ್ರೊಸೆಸರಿನ ವೈಭವದಿಂದ ದೂರವಾಗಿ, ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್ ಎಂಬ ದೀರ್ಘ ನಾಮಧೇಯವನ್ನು ಹೊತ್ತು, ಬಳಕೆಯಲ್ಲಿ ಬಿಎಂಸಿ ಎಂದು ಕರೆಸಿಕೊಳ್ಳುವ ಪುಟ್ಟ ಚಿಪ್ಪೊಂದು ವಾಸಿಸುತ್ತದೆ. ಸರ್ವರನ್ನು ಆರಿಸಿದ ಮೇಲೂ, ವಿದ್ಯುತ್ತಿನ ಸಂಪರ್ಕವೊಂದು ಉಳಿದಿರುವವರೆಗೆ ಎಚ್ಚತ್ತೇ ಇರುವ ಈ ಮಹಾಶಯರು, ಫ್ಯಾನುಗಳ ಆರ್ಭಟದ ನಡುವೆಯೂ ನಮ್ಮೊಡನೆ ಸಂಭಾಷಿಸಲು ಸಮ್ಮತಿಸಿದರು.

ನಾವು: ತಮ್ಮ ದಿನಚರಿಯನ್ನು ತಿಳಿಸಬಹುದೇ?

ಬಿಎಂಸಿ: ದಿನಚರಿಯೆಂಬುದು ನಿದ್ರೆಯುಳ್ಳವರಿಗೆ ಸಲ್ಲುವ ಮಾತು, ಸ್ವಾಮಿ. ಫ್ಯಾನು ಸುತ್ತಿಗೆ ಸಾಮಾನ್ಯವಾಗಿ ಎರಡರಂತೆ ಕಳುಹಿಸುವ ಮಿಡಿತಗಳನ್ನೆಣಿಸಿ ಅದರ ವೇಗವನ್ನರಿತು, ಪ್ರೊಸೆಸರಿನ ತಾಪವನ್ನೂ 12 ವೋಲ್ಟ್ ಸಪ್ಲೈಯ ಏರಿಳಿತವನ್ನೂ ಅಳೆದು, ಪೆಟ್ಟಿಗೆಯ ಮುಚ್ಚಳವನ್ನು ಯಾರಾದರೂ ತೆರೆದರೋ ಎಂದು ಶಂಕಿಸಿ, ಎಲ್ಲವನ್ನೂ ಸಾಧಾರಣ, ಗಂಭೀರ, ಸರಿಪಡಿಸಲಾಗದ ಎಂಬ ಮೂರು ಮಿತಿಗಳೊಡನೆ ತೂಗಿ, ಮೀರಿದುದನ್ನು ನನ್ನ ಘಟನಾಪುಸ್ತಕದಲ್ಲಿ ಬರೆದು, ಯಜಮಾನರಾದ ಸಿಸ್ಟಮ್ ಅಡ್ಮಿನ್‌ರಿಗೆ ಬಿನ್ನಹ ಕಳುಹಿಸುವೆನು. 1998ರಲ್ಲಿ ಇಂಟೆಲ್, ಹ್ಯೂಲೆಟ್-ಪ್ಯಾಕರ್ಡ್, ಎನ್‌ಇಸಿ, ಡೆಲ್ ಕಂಪನಿಗಳು ಐಪಿಎಂಐ ಎಂಬ ಪದ್ಧತಿಯನ್ನು ಪ್ರಕಟಿಸಿದಂದಿನಿಂದ ನಮ್ಮ ಕುಲದ ಬಹುಮಂದಿ ದೂರುವುದು ಒಂದೇ ಭಾಷೆಯಲ್ಲಿ.

ನಾವು: ಆ ದೂರು ತಲುಪುವುದೇ?

ಬಿಎಂಸಿ: ನನ್ನ ದೂರನ್ನು ಹೊತ್ತೊಯ್ಯುವ ಎಸ್‌ಎನ್‌ಎಂಪಿ ಟ್ರ್ಯಾಪ್ ಎಂಬ ಸಂದೇಶವು ಸಾಮಾನ್ಯವಾಗಿ ಸಂಚರಿಸುವ ಯುಡಿಪಿ ಎಂಬ ಮಾರ್ಗವು, ಕಳುಹಿಸಿದುದು ತಲುಪಿತೋ ಇಲ್ಲವೋ ಎಂದು ವಿಚಾರಿಸುವ ಗೋಜಿಗೆ ಹೋಗುವುದಿಲ್ಲ. ಮಿಂಚಂಚೆಯೇನೋ ತಲುಪುತ್ತದೆ, ಆದರೆ ರಾತ್ರಿಯೆಲ್ಲ ಬಂದ ನನ್ನ ಬಿನ್ನಹಗಳಿಂದ ಬೇಸತ್ತ ಯಜಮಾನರು, ಅವೆಲ್ಲ ತಾವು ಎಂದೂ ತೆರೆಯದ ಫೋಲ್ಡರೊಂದಕ್ಕೆ ತಾವಾಗಿಯೇ ಹೋಗಿ ಬೀಳುವಂತೆ ಏರ್ಪಾಡು ಮಾಡಿದರು. ಅದಕ್ಕೂ ತೃಪ್ತರಾಗದೆ, 80 ಡಿಗ್ರಿಗಿದ್ದ ತಾಪದ ಮಿತಿಯನ್ನು 90ಕ್ಕೆ ಏರಿಸಿದರು. ಆ ಕ್ಷಣವೇ, ಒಂದು ಡಿಗ್ರಿಯೂ ತಣಿಯದೆ, ಸರ್ವರು ಸಂಪೂರ್ಣ ಆರೋಗ್ಯವನ್ನು ಪಡೆಯಿತು.

(ಕಡತದಲ್ಲಿಯೇ ಕ್ಷಾಮವನ್ನು ನಿವಾರಿಸುವ ಈ ವಿದ್ಯೆಯು ಕಂಪ್ಯೂಟರಿಗಿಂತ ಬಹು ಪ್ರಾಚೀನವಾದುದೆಂದು ನಮಗೆ ತೋರಿತು, ಆದರೂ ಸುಮ್ಮನಿದ್ದೆವು.)

ನಾವು: ದೂರದೆಯೇ ಅಳಿಯುವ ಭಾಗಗಳೂ ಉಂಟಲ್ಲವೆ?

ಬಿಎಂಸಿ: ಡಿಸ್ಕುಗಳನ್ನು ಕುರಿತು ಕೇಳುತ್ತಿರುವಿರಿ. ಅವುಗಳಿಗೆ ಸ್ಮಾರ್ಟ್ ಎಂಬ ಸ್ವಯಂಪರೀಕ್ಷೆಯುಂಟು. ಆದರೆ 2007ರಲ್ಲಿ ಗೂಗಲಿನ ಸಂಶೋಧಕರು ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಪರಿಶೀಲಿಸಿ, ಕೆಟ್ಟವುಗಳಲ್ಲಿ ಶೇಕಡಾ 36ಕ್ಕೂ ಹೆಚ್ಚಿನವು, ತಾಪವೊಂದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಸ್ಮಾರ್ಟಿನ ಯಾವ ಲಕ್ಷಣವನ್ನೂ ತೋರಿರಲಿಲ್ಲವೆಂದು ಪ್ರಕಟಿಸಿದರು. ಹೇಳದೆ ಹೋದವುಗಳ ಮೇಲೆ ಪ್ರಬಂಧವಾಯಿತು. ನಿತ್ಯವೂ ಹೇಳುವ ನನ್ನ ಮೇಲೆ ಫಿಲ್ಟರಾಯಿತು.

ನಾವು: ಈ ಸಂದರ್ಶನವನ್ನಾದರೂ ತಮ್ಮ ಪುಸ್ತಕದಲ್ಲಿ ದಾಖಲಿಸುವಿರಷ್ಟೆ?

ಬಿಎಂಸಿ: ಪುಸ್ತಕವು ತುಂಬಿಹೋಗಿದೆ, ಸ್ವಾಮಿ, ಬರಿದುಮಾಡಬೇಕಾದವರು ಯಜಮಾನರು, ತುಂಬಿತೆಂಬ ಬಿನ್ನಹವೂ ಅದೇ ಫೋಲ್ಡರಿನಲ್ಲಿದೆ. ಸ್ಥಳವಿದ್ದಿದ್ದರೂ, ನನ್ನ ಗಡಿಯಾರವನ್ನು ಯಾರೂ ಹೊಂದಿಸದಿರುವ ಕಾರಣ, ತಾವು ಬಂದುದು 1970ರ ಜನವರಿ 1ರಂದು ಎಂದೇ ಬರೆಯುತ್ತಿದ್ದೆನು.